ಒಂದು ತಾರೀಖಿನ ಗೆರೆ

ಕೆಲವು ದಿನಗಳ ಹಿಂದೆ ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದಲ್ಲಿ ಕೊಟ್ಟೂರಿನ ಬಸ್ಸಿಗಾಗಿ ಕಾಯುತ್ತ ಕುಳಿತಿದ್ದೆ. ನಲವತ್ತು ದಾಟಿದ ವ್ಯಕ್ತಿಯೊಬ್ಬ ಬಂದು ಕಾಲು ಮುಟ್ಟಿ ನಮಸ್ಕರಿಸಿದ. ಮುಖ ನೋಡಿದೊಡನೆ ಗುರುತು ಹತ್ತಿತು. ಹತ್ತನೆಯ ತರಗತಿಯಲ್ಲಿ ನನ್ನ ಬಳಿ ಸಮಾಜ ವಿಜ್ಞಾನ ಕಲಿತವನು. ಈಗ ಹಡಗಲಿ ಕಡೆಯ ಪ್ರೌಢಶಾಲೆಯೊಂದರಲ್ಲಿ ಸಹ ಶಿಕ್ಷಕ. ಮನೆಯವರ ಕ್ಷೇಮಸಮಾಚಾರ ಮುಗಿದ ಮೇಲೆ ಅವನು ಮೆಲ್ಲಗೆ ಕೇಳಿದ: "ಸರ್, ಸಂಘದ ಸಮಾರಂಭಕ್ಕೆ ನಿಮ್ಮನ್ನ ಭಾಷಣಕ್ಕೆ ಕರೆದಾರಂತ ಕೇಳಿದೆ. ಹೊಸ ಶಿಕ್ಷಕರು ಯಾಕ ಸಂಘಕ್ಕೆ ಬರವಲ್ಲರು ಅನ್ನೋದು ವಿಷಯ ಅಂತ. ಹೌದೇನ್ರಿ?"

ಹೌದೆಂದೆ.

"ಹಂಗಾದ್ರ ನಾವು ಬರದೇ ಇರೋ ಕಾರಣಾನೂ ಹೇಳ್ರಿ ಸರ್. ನಿಮಗ ಗೊತ್ತೈತಿ."

ಅಷ್ಟರಲ್ಲಿ ಬಸ್ಸು ಬಂದಿತು. ಅವನು ನನ್ನ ಚೀಲವನ್ನು ಕಿಟಕಿಯಿಂದ ಸೀಟಿನ ಮೇಲಿಟ್ಟು ಕೈಮುಗಿದು ಹೋದ. ಸಮಾರಂಭದ ದಿನ ವೇದಿಕೆಯ ಮೇಲೆ ನಾನು ಮಾತನಾಡಿದೆ. ಸಂಘಟನೆಯ ಮಹತ್ವ, ಒಗ್ಗಟ್ಟಿನ ಬಲ, ಯುವಕರ ಕರ್ತವ್ಯ, ಹೀಗೆ ಎಲ್ಲರೂ ಆಡುವ ಮಾತುಗಳನ್ನೇ ಆಡಿ, ಶಾಲು ಹೊದ್ದುಕೊಂಡು ಮನೆಗೆ ಬಂದೆ. ಅವನು ಹೇಳೆಂದ ಕಾರಣವನ್ನು ಹೇಳಲಿಲ್ಲ. ಅಂದು ಹೇಳದೆ ಉಳಿದುದನ್ನು ಇಂದು ಬರೆಯುತ್ತಿದ್ದೇನೆ. ನನ್ನ ಶಿಷ್ಯರಲ್ಲಿ ಅನೇಕರು ಇಂದು ಶಿಕ್ಷಕರು, ಬ್ಯಾಂಕಿನವರು, ವಕೀಲರು, ಎಂಜಿನಿಯರುಗಳು. ಒಂದಲ್ಲ ಒಂದು ವೃತ್ತಿಸಂಘದ ಸದಸ್ಯರು. ಅವರಿಗೂ ಇದು ಉಪಯೋಗವಾದೀತು.

ಇತಿಹಾಸದ ಮೇಷ್ಟರಾದ್ದರಿಂದ ಹಿಂದಿನಿಂದಲೇ ಆರಂಭಿಸುತ್ತೇನೆ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಬಳ್ಳಾರಿ ಜಿಲ್ಲೆಯ ಭಾಗವಾಗಿ 1953ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದವು ಎಂಬುದು ಇಂದಿನ ಮಕ್ಕಳಿಗೆ ಅಚ್ಚರಿಯ ಸಂಗತಿ. ಆ ಕಾಲದ ಶಿಕ್ಷಕರು ಹೆಚ್ಚಾಗಿ ಜಿಲ್ಲಾ ಬೋರ್ಡಿನ ಶಾಲೆಗಳವರು, ಇಲ್ಲವೇ ಅನುದಾನಿತ ಶಾಲೆಗಳವರು. ಮದ್ರಾಸಿನಲ್ಲಿ 1895ರಲ್ಲಿಯೇ ಟೀಚರ್ಸ್ ಗಿಲ್ಡ್ ಎಂಬ ಶಿಕ್ಷಕರ ಕೂಟ ಹುಟ್ಟಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಇಡೀ ಪ್ರಾಂತಕ್ಕೆ ಸೌತ್ ಇಂಡಿಯಾ ಟೀಚರ್ಸ್ ಯೂನಿಯನ್ ಆಯಿತು. 1928ರಲ್ಲಿ ಅದು 'ದಿ ಸೌತ್ ಇಂಡಿಯನ್ ಟೀಚರ್' ಎಂಬ ಪತ್ರಿಕೆಯನ್ನು ಹೊರಡಿಸಿತು. ಸುಮಾರು ಅದೇ ಸಮಯಕ್ಕೆ ಸದಸ್ಯರ ಕುಟುಂಬಗಳಿಗೆ ಆಸರೆಯಾಗಲೆಂದು ಒಂದು ರಕ್ಷಣಾ ನಿಧಿಯನ್ನೂ ಸ್ಥಾಪಿಸಿತು. ತಿಂಗಳು ತಿಂಗಳು ಸ್ವಲ್ಪ ಹಣ ಕಟ್ಟಿದ ಶಿಕ್ಷಕ ತೀರಿಕೊಂಡರೆ ಅವನ ಹೆಂಡತಿ ಮಕ್ಕಳು ಬೀದಿಗೆ ಬೀಳಬಾರದು ಎಂಬುದು ಅದರ ಉದ್ದೇಶ.

ಈ ರಕ್ಷಣಾ ನಿಧಿಯ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಯುವಕನೊಬ್ಬ ಸಂಘಕ್ಕೆ ಏಕೆ ಸೇರುತ್ತಾನೆ ಎಂಬ ಪ್ರಶ್ನೆಗೆ ಉತ್ತರ ಅದರಲ್ಲಿಯೇ ಇದೆ. ಇಪ್ಪತ್ತೈದರ ಹರೆಯದಲ್ಲಿ ಯಾರಿಗೂ ತಮ್ಮ ಮುಪ್ಪು ಕಾಣುವುದಿಲ್ಲ. ಅದನ್ನು ಕಾಣಬಲ್ಲವರು ಹಿರಿಯರು. ತಮಗೆ ಕಂಡುದನ್ನು ಕಿರಿಯರ ಸಲುವಾಗಿ ಮೊದಲೇ ಕಟ್ಟಿಡುವುದು ಹಿರಿಯರ ಕೆಲಸ. ಆ ಕೆಲಸ ನಡೆದಲ್ಲಿ ಕಿರಿಯರು ತಾವಾಗಿ ಬರುತ್ತಾರೆ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ನಮ್ಮ ಜಿಲ್ಲೆ ಇಬ್ಭಾಗವಾಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಉಳಿದ ತಾಲ್ಲೂಕುಗಳೊಂದಿಗೆ ನಮ್ಮವೂ ಮೈಸೂರಿಗೆ ಸೇರಿದವು. ಒಂದೇ ಬೋರ್ಡಿನಡಿ ದುಡಿಯುತ್ತಿದ್ದ ಶಿಕ್ಷಕರು ಒಂದು ಬೆಳಗಿನೊಳಗೆ ಎರಡು ರಾಜ್ಯಗಳವರಾದರು. ಅದೇ ವರ್ಷಗಳಲ್ಲಿ ತುಂಗಭದ್ರಾ ಜಲಾಶಯದ ಹಿನ್ನೀರಿನಲ್ಲಿ ಮಲ್ಲಾಪುರ ಮುಳುಗಿ, ತಾಲ್ಲೂಕಿನ ಕೇಂದ್ರವು ಹಗರಿಬೊಮ್ಮನಹಳ್ಳಿಗೆ ಬಂದಿತು. 1956ರ ನವೆಂಬರ್ 1ರ ಏಕೀಕರಣದಲ್ಲಿ ಮೈಸೂರು, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು, ಹೀಗೆ ಐದು ಆಡಳಿತಗಳ ನೌಕರರು ಒಂದೇ ರಾಜ್ಯದ ನೌಕರರಾದರು. ಒಬ್ಬೊಬ್ಬರಿಗೆ ಒಂದೊಂದು ವೇತನಶ್ರೇಣಿ, ಒಂದೊಂದು ರಜಾ ನಿಯಮ, ಒಂದೊಂದು ಜ್ಯೇಷ್ಠತಾ ಪಟ್ಟಿ. ರಾಜ್ಯ ಪುನರ್ವಿಂಗಡಣಾ ಕಾಯಿದೆಯಲ್ಲಿ ಇಂಥ ನೌಕರರ ಸೇವಾ ಷರತ್ತುಗಳನ್ನು ಕೇಂದ್ರದ ಒಪ್ಪಿಗೆಯಿಲ್ಲದೆ ಅವರಿಗೆ ನಷ್ಟವಾಗುವಂತೆ ಬದಲಿಸಬಾರದೆಂಬ ವಿಧಿ ಇದ್ದಿತು. ಆದರೂ ಜ್ಯೇಷ್ಠತೆಯ ವ್ಯಾಜ್ಯಗಳು ವರ್ಷಗಟ್ಟಲೆ ನಡೆದವು. ನಾನು ಕೆಲಸಕ್ಕೆ ಸೇರಿದಾಗ ನಿವೃತ್ತಿಯ ಅಂಚಿನಲ್ಲಿದ್ದ ಹಿರಿಯರು ಬೀಡಿಯ ಹೊಗೆಯ ನಡುವೆ ಆ ಕಥೆಗಳನ್ನು ಹೇಳುತ್ತಿದ್ದರು. ಮೈಸೂರು ಸೀಮೆಯಲ್ಲಿ 1920ರಿಂದಲೇ ಸರ್ಕಾರಿ ನೌಕರರ ಸಂಘವಿದ್ದಿತು. ನಮ್ಮ ಕಡೆಯವರು ಅಲ್ಲಿನವರಿಂದ ನಿಯಮಗಳನ್ನು ಕಲಿತು, ತಮ್ಮ ಕಷ್ಟಗಳನ್ನು ಅವರಿಗೆ ತಿಳಿಸಿ, ನಿಧಾನವಾಗಿ ಒಂದಾದರು.

ಆ ಕಥೆಗಳ ತಿರುಳು ನನಗೆ ಬಹಳ ತಡವಾಗಿ ಹೊಳೆಯಿತು. ಆಡಳಿತ ನಡೆಸುವವರು ಗೆರೆ ಎಳೆಯುತ್ತಲೇ ಇರುತ್ತಾರೆ. ಒಮ್ಮೆ ಭೂಪಟದ ಮೇಲೆ, ಒಮ್ಮೆ ಕ್ಯಾಲೆಂಡರಿನ ಮೇಲೆ. ಗೆರೆಯ ಆಚೆಯವರ ಕೈಬಿಡದೆ ಇರುವುದೇ ಸಂಘವೆಂಬುದರ ಅರ್ಥ.

ನಾನು ಬಿ.ಎಡ್. ಮುಗಿಸಿ 1986ರಲ್ಲಿ ಕೂಡ್ಲಿಗಿ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಗೆ ಸೇರಿದೆ. ಮೊದಲ ತಿಂಗಳೇ ಹಿರಿಯ ಸಹೋದ್ಯೋಗಿಯೊಬ್ಬರು ರಸೀದಿ ಪುಸ್ತಕ ಹಿಡಿದು ಬಂದು, "ತಮ್ಮಾ, ಇದಕ್ಕೊಂದು ಸಹಿ ಹಾಕು" ಎಂದರು. ಏಕೆಂದು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಏಕೆಂದರೆ ಅದೇ ಹಿರಿಯರು ನನ್ನ ಸೇವಾ ಪುಸ್ತಕವನ್ನು ತೆರೆಸಿದರು, ಜನ್ಮದಿನಾಂಕ ಸರಿಯಾಗಿ ಬರೆದಿದ್ದಾರೆಯೇ ಎಂದು ನೋಡಿದರು, ಕೆ.ಜಿ.ಐ.ಡಿ. ವಿಮೆಯ ಅರ್ಜಿ ತುಂಬಿಸಿದರು, ಭವಿಷ್ಯ ನಿಧಿಯ ಖಾತೆ ಸಂಖ್ಯೆ ತರಿಸಿಕೊಟ್ಟರು. ಮೊದಲ ಸಂಬಳ ಮೂರು ತಿಂಗಳಾದರೂ ಬಾರದಿದ್ದಾಗ ಖಜಾನೆಯ ಗುಮಾಸ್ತರ ಮುಂದೆ ನನ್ನ ಪರವಾಗಿ ಎರಡು ಗಂಟೆ ನಿಂತವರೂ ಅವರೇ. ಮನೆಯಲ್ಲಿ ತಂಗಿಯ ಮದುವೆಯಾದಾಗ ಶಿಕ್ಷಕರ ಪತ್ತಿನ ಸಹಕಾರ ಸಂಘದಲ್ಲಿ ಸಾಲಕ್ಕೆ ಜಾಮೀನು ಹಾಕಿದರು. ಸಂಘವೆಂದರೆ ನನಗೆ ಆ ಒಬ್ಬ ಮನುಷ್ಯ. ತಾಲ್ಲೂಕಿನ ಗುರುಭವನಕ್ಕೆ ಒಂದು ದಿನದ ಸಂಬಳ ಕೊಡಿ ಎಂದಾಗ ಗೊಣಗದೆ ಕೊಟ್ಟೆ.

ಆ ದಿನಗಳಲ್ಲಿ ನಮಗೆ ಹೆಮ್ಮೆಯೂ ಇತ್ತು. 1960ರ ದಶಕದ ತುಕೋಳ್ ಆಯೋಗ, 1970ರ ದಶಕದ ನಾರಾಯಣ ಪೈ ಆಯೋಗಗಳಿಂದ ಆರಂಭಿಸಿ ಪ್ರತಿಯೊಂದು ವೇತನ ಪರಿಷ್ಕರಣೆಯ ಹಿಂದೆಯೂ ಸಂಘಟನೆಯ ಒತ್ತಾಯವಿದೆಯೆಂದು ಹಿರಿಯರು ಹೇಳುತ್ತಿದ್ದರು. ಅನುದಾನಿತ ಶಾಲೆಗಳ ಶಿಕ್ಷಕರಿಗೂ ಪಿಂಚಣಿ, ಭವಿಷ್ಯನಿಧಿ, ವಿಮೆ ಮೂರೂ ದೊರೆಯುವ ತ್ರಿವಿಧ ಸೌಲಭ್ಯ ಬಂದುದು ಅಂಥ ಒತ್ತಾಯದಿಂದಲೇ. ಅದಕ್ಕೂ ಮಿಗಿಲಾಗಿ ಅವರು ಹೇಳುತ್ತಿದ್ದುದು ನಾಕರಾ ತೀರ್ಪಿನ ಕಥೆ.

ಈ ತೀರ್ಪನ್ನು ಸ್ವಲ್ಪ ವಿವರಿಸಲೇಬೇಕು. 1979ರಲ್ಲಿ ಕೇಂದ್ರ ಸರ್ಕಾರವು ಪಿಂಚಣಿ ಲೆಕ್ಕ ಹಾಕುವ ಕ್ರಮವನ್ನು ಉದಾರಗೊಳಿಸಿತು. ಆದರೆ ಆ ಉದಾರತೆ 1979ರ ಮಾರ್ಚ್ 31ರಂದು ಅಥವಾ ಅನಂತರ ನಿವೃತ್ತರಾದವರಿಗೆ ಮಾತ್ರ. ಅದಕ್ಕೆ ಮೊದಲು ನಿವೃತ್ತರಾದವರಿಗೆ ಹಳೆಯ ಲೆಕ್ಕವೇ. 1972ರಲ್ಲಿ ನಿವೃತ್ತರಾಗಿದ್ದ ಡಿ.ಎಸ್. ನಾಕರಾ ಎಂಬ ಅಧಿಕಾರಿ ಸುಪ್ರೀಂ ಕೋರ್ಟಿನ ಮೊರೆ ಹೊಕ್ಕರು. ಅವರ ಜೊತೆಗೆ ನಿಂತ ಅರ್ಜಿದಾರರಲ್ಲಿ 'ಕಾಮನ್ ಕಾಸ್' ಎಂಬ ಒಂದು ಸಂಘವೂ ಇದ್ದಿತು. ಕೋರ್ಟಿಗೆ ಬರಲಾರದ ಸಾವಿರಾರು ಮುದುಕರ ಪರವಾಗಿ ಅದು ನಿಂತಿತ್ತು. 1982ರ ಡಿಸೆಂಬರ್ 17ರಂದು ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಪಿಂಚಣಿಯೆಂಬುದು ದೊರೆಯ ದಯೆಯಿಂದ ಬರುವ ಭಿಕ್ಷೆಯಲ್ಲ, ದುಡಿದವನ ಹಕ್ಕು. ನಿವೃತ್ತರೆಲ್ಲರೂ ಒಂದೇ ವರ್ಗವಾಗಿರುವಾಗ ನಡುವೆ ಒಂದು ತಾರೀಖನ್ನಿಟ್ಟು ಆಚೆಯವರು ಈಚೆಯವರು ಎಂದು ಭೇದ ಮಾಡುವುದು ಸಮಾನತೆಗೆ ವಿರುದ್ಧ. ಇದು ಆ ತೀರ್ಪಿನ ಸಾರಾಂಶ. ಇಂದಿಗೂ ದೇಶದಾದ್ಯಂತ ಡಿಸೆಂಬರ್ 17ನ್ನು ಪಿಂಚಣಿದಾರರ ದಿನವೆಂದು ಆಚರಿಸುತ್ತಾರೆ. ನಾವೂ ಆಚರಿಸುತ್ತೇವೆ. ಹಾರ, ಹಣ್ಣು, ಭಾಷಣ, ಉಪ್ಪಿಟ್ಟು ಎಲ್ಲವೂ ಇರುತ್ತದೆ.

ಇನ್ನು ನನ್ನ ತಪ್ಪಿನ ಕಡೆಗೆ ಬರುತ್ತೇನೆ.

ಕೇಂದ್ರ ಸರ್ಕಾರವು 2004ರ ಜನವರಿ 1ರಿಂದ ಸೇರುವ ತನ್ನ ನೌಕರರಿಗೆ ಹೊಸ ಪಿಂಚಣಿ ಪದ್ಧತಿಯನ್ನು ತಂದಿತು. ರಾಜ್ಯಗಳು ಒಂದೊಂದಾಗಿ ಹಿಂಬಾಲಿಸಿದವು. ಪಶ್ಚಿಮ ಬಂಗಾಳ ಮಾತ್ರ ಒಪ್ಪಲಿಲ್ಲ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇವೆಗೆ ಸೇರಿದವರೆಲ್ಲರೂ ಎನ್.ಪಿ.ಎಸ್. ಎಂಬ ಆ ಪದ್ಧತಿಯೊಳಗೆ ಬಂದರು. ಶಿಕ್ಷಕರಲ್ಲದ ಬಂಧುಗಳಿಗಾಗಿ ಎರಡು ಮಾತು. ನಮ್ಮದು ಹಳೆಯ ಪದ್ಧತಿ. ಪೂರ್ಣ ಸೇವೆ ಸಲ್ಲಿಸಿದವನಿಗೆ ಕೊನೆಯ ಮೂಲವೇತನದ ಅರ್ಧ ಪಿಂಚಣಿ, ಮೇಲೆ ತುಟ್ಟಿಭತ್ಯೆ. ಸಂಬಳದಿಂದ ಅದಕ್ಕಾಗಿ ಒಂದು ಪೈಸೆಯನ್ನೂ ಹಿಡಿಯುವುದಿಲ್ಲ. ಬೆಲೆ ಏರಿದರೆ ಪಿಂಚಣಿಯೂ ಏರುತ್ತದೆ. ಸತ್ತರೆ ಹೆಂಡತಿಗೆ ಕುಟುಂಬ ಪಿಂಚಣಿ. ಹೊಸ ಪದ್ಧತಿಯಲ್ಲಿ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ. 10ರಷ್ಟನ್ನು ತಿಂಗಳು ತಿಂಗಳು ಹಿಡಿಯುತ್ತಾರೆ. ಸರ್ಕಾರವೂ ಮೊದಲಿಗೆ ಶೇ. 10 ಹಾಕುತ್ತಿತ್ತು, ಅನಂತರ ಶೇ. 14ಕ್ಕೆ ಏರಿಸಿತು. ಆ ಹಣ ಷೇರು, ಸಾಲಪತ್ರಗಳಲ್ಲಿ ತೊಡಗುತ್ತದೆ. ನಿವೃತ್ತಿಯ ದಿನ ಎಷ್ಟಾಗಿರುತ್ತದೋ ಅಷ್ಟು. ಅದರಲ್ಲಿ ಕನಿಷ್ಠ ಶೇ. 40ನ್ನು ವಿಮಾ ಸಂಸ್ಥೆಗೆ ಕೊಟ್ಟು, ಅದು ಕೊಡುವ ಮಾಸಿಕ ಮೊತ್ತವನ್ನು ಪಡೆಯಬೇಕು. ತಿಂಗಳಿಗೆ ಇಷ್ಟು ಖಂಡಿತ ಎಂಬ ಭರವಸೆಯಿಲ್ಲ.

ಸರ್ಕಾರಕ್ಕೂ ತನ್ನದೇ ಕಾರಣಗಳಿದ್ದವು. ಪಿಂಚಣಿಯ ವೆಚ್ಚ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿತ್ತು, ಜನರು ಹೆಚ್ಚು ವರ್ಷ ಬದುಕತೊಡಗಿದ್ದರು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ನಾಕರಾ ತೀರ್ಪಿನ ಸಂಗತಿಗೂ ಇದಕ್ಕೂ ಕಾನೂನಿನಲ್ಲಿ ವ್ಯತ್ಯಾಸವಿದೆ. ಅಲ್ಲಿ ನಿವೃತ್ತರಾದವರನ್ನು ವಿಭಾಗಿಸಿದ್ದರು, ಇಲ್ಲಿ ಇನ್ನೂ ಸೇರದವರಿಗೆ ಬೇರೆಯ ಷರತ್ತು ಹಾಕಿದರು. ನಾನು ಹೇಳಹೊರಟಿರುವುದು ಕಾನೂನಿನ ಮಾತಲ್ಲ, ಸಂಘಧರ್ಮದ ಮಾತು.

ಆಗ ನಾನು ನಮ್ಮ ಸಂಘದ ತಾಲ್ಲೂಕು ಘಟಕದ ಕಾರ್ಯದರ್ಶಿಯಾಗಿದ್ದೆ. ರಾಜ್ಯಮಟ್ಟದಲ್ಲಿ ಯಾರು ಏನು ಮಾಡಿದರೆಂಬುದು ಬೇರೆಯ ಮಾತು. ನನ್ನ ಕೈಬರಹದಲ್ಲೇ ಇರುವ ನಡಾವಳಿ ಪುಸ್ತಕದ ಮಾತನ್ನಷ್ಟೇ ಹೇಳುತ್ತೇನೆ. 2006ರ ಬೇಸಿಗೆಯ ಸಭೆಯಲ್ಲಿ ಆ ಆದೇಶವನ್ನು ಓದಿದೆವು. "ಇದು ನಮಗೆ ಅನ್ವಯಿಸುವುದಿಲ್ಲ" ಎಂದು ಯಾರೋ ಹೇಳಿದರು. ಎಲ್ಲರೂ ನಿರಾಳವಾಗಿ ಉಸಿರುಬಿಟ್ಟೆವು. ಮುಂದಿನ ವಿಷಯಕ್ಕೆ ಹೋದೆವು. ಮುಂದಿನ ವಿಷಯ ಗುರುಭವನದ ಕಾಂಪೌಂಡ್ ಗೋಡೆಗೆ ಸುಣ್ಣ ಬಳಿಸುವುದು. ನಡಾವಳಿಯಲ್ಲಿ ಹೊಸ ಪಿಂಚಣಿಗೆ ಒಂದು ಸಾಲು, ಸುಣ್ಣಕ್ಕೆ ಅರ್ಧ ಪುಟ.

ಎರಡು ವರ್ಷಗಳ ನಂತರ ಹೊಸ ನೇಮಕದ ಶಿಕ್ಷಕರು ಬಂದರು. ಬಸ್ ನಿಲ್ದಾಣದಲ್ಲಿ ಸಿಕ್ಕನೆಂದೆನಲ್ಲ, ಅವನೂ ಅವರಲ್ಲೊಬ್ಬ. ನಾನು ಕಲಿಸಿದ ಹುಡುಗ ನನ್ನಂತೆಯೇ ಮೇಷ್ಟರಾಗಿ ಬಂದನೆಂಬ ಸಂತೋಷದಿಂದ ನಾನೇ ಅವನನ್ನು ಸಭೆಗೆ ಕರೆದೊಯ್ದೆ. ಚಂದಾ ಕಟ್ಟಿಸಿಕೊಂಡೆ. ಸಭೆಯಲ್ಲಿ ಅವನು ಎದ್ದುನಿಂತು, "ನಮ್ಮ ಪಿಂಚಣಿ ಬಗ್ಗೆ ಸಂಘ ಏನ್ ಮಾಡೈತ್ರಿ?" ಎಂದು ಕೇಳಿದ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮೀಸೆ ಸರಿಯಾಗಿ ಚಿಗುರದವನು ಪಿಂಚಣಿ ಕೇಳುತ್ತಾನೆ ಎಂದು. ನಾನು ನಗಲಿಲ್ಲ, ಆದರೆ ಅದಕ್ಕಿಂತ ಕೆಟ್ಟದ್ದನ್ನು ಮಾಡಿದೆ. ಮೇಜಿನ ಹಿಂದೆ ಕುಳಿತು, "ನಿನಗಿನ್ನೂ ಮೂವತ್ತು ವರ್ಷ ಸೇವೆ ಐತಪ್ಪ, ಈಗಲೇ ಯಾಕ ಚಿಂತೆ, ಕೂಡು" ಎಂದೆ. ಅವನು ಕುಳಿತ. ಮುಂದಿನ ಸಭೆಗೆ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಅವನ ಜೊತೆಯವರೂ ಬರಲಿಲ್ಲ. ನಾವು ಮಾತ್ರ ವರ್ಷ ವರ್ಷವೂ "ಇಂದಿನ ಯುವಕರಿಗೆ ಸಂಘಟನೆಯಲ್ಲಿ ಆಸಕ್ತಿಯಿಲ್ಲ" ಎಂದು ವರದಿ ಓದುತ್ತಿದ್ದೆವು.

ಅವರ ಚಿಂತೆ ಮೂವತ್ತು ವರ್ಷ ಆಚೆಯದಾಗಿರಲಿಲ್ಲ ಎಂಬುದು ಬಲುಬೇಗ ತಿಳಿಯಿತು. ಕೆಲವು ವರ್ಷಗಳಲ್ಲಿಯೇ ಹೊಸಬರಲ್ಲೊಬ್ಬರು, ಎರಡು ಚಿಕ್ಕ ಮಕ್ಕಳ ತಂದೆ, ರಸ್ತೆ ಅಪಘಾತದಲ್ಲಿ ತೀರಿಕೊಂಡರು. ನಮ್ಮ ಕಾಲದವರಾಗಿದ್ದರೆ ಮನೆಗೆ ಕುಟುಂಬ ಪಿಂಚಣಿ ಬರುತ್ತಿತ್ತು, ಉಪದಾನ ಬರುತ್ತಿತ್ತು. ಹೊಸ ಪದ್ಧತಿಯವರಿಗೆ ಆ ಮೊದಲ ವರ್ಷಗಳಲ್ಲಿ ಅವು ಇರಲಿಲ್ಲ. ಬಹುಕಾಲದ ಬೇಡಿಕೆಯ ನಂತರವಷ್ಟೇ ಸೇವೆಯಲ್ಲಿದ್ದಾಗ ಮಡಿದವರ ಕುಟುಂಬಗಳಿಗೆ ಆ ಸೌಲಭ್ಯ ವಿಸ್ತರಿಸಿತು. ನಾವು ತಲೆಗಿಷ್ಟೆಂದು ವಂತಿಗೆ ಎತ್ತಿ, ಲಕೋಟೆಯಲ್ಲಿಟ್ಟು ಅವರ ಮನೆಗೆ ಕೊಂಡೊಯ್ದೆವು. ಆ ಹೆಣ್ಣುಮಗಳು ಲಕೋಟೆಯನ್ನು ತೆಗೆದುಕೊಂಡು, "ಮುಂದಿನ ತಿಂಗಳು ಯಾರ್ ಕೊಡ್ತಾರ್ರಿ?" ಎಂದು ಕೇಳಿದರು. ಕೋಪದಿಂದ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಲೆಂದು ಕೇಳಿದ್ದು. ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಮದ್ರಾಸಿನ ಹಿರಿಯರು ರಕ್ಷಣಾ ನಿಧಿಯಿಂದ ಆ ಪ್ರಶ್ನೆಗೆ ಉತ್ತರ ಕಟ್ಟಿ ಎಂಬತ್ತು ವರ್ಷಗಳೇ ಕಳೆದಿದ್ದವು.

ಇದೇ ವರ್ಷಗಳಲ್ಲಿ ಇನ್ನೊಂದು ಬದಲಾವಣೆಯೂ ನಡೆಯಿತು. ಹಿಂದೆ ವರ್ಗಾವಣೆಯೆಂದರೆ ಸಂಘದ ಮುಖಂಡರ ಮನೆಯ ಬಾಗಿಲು. 2007ರಲ್ಲಿ ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯಿದೆ ಬಂದು, ಕೌನ್ಸೆಲಿಂಗ್‌ನಲ್ಲಿ ಅಂಕ ಮತ್ತು ಜ್ಯೇಷ್ಠತೆಯ ಮೇಲೆ ಸ್ಥಳ ಆರಿಸಿಕೊಳ್ಳುವ ಕ್ರಮ ನೆಲೆಗೊಂಡಿತು. ಸಂಬಳದ ಬಿಲ್ಲು ಕಂಪ್ಯೂಟರಿಗೆ ಹೋಯಿತು, ಸಂಬಳ ನೇರವಾಗಿ ಬ್ಯಾಂಕಿಗೆ ಬಂದಿತು. ಆದೇಶದ ಪ್ರತಿ ಮುಖಂಡರ ಜೇಬಿಗೆ ಬರುವ ಮುನ್ನವೇ ಹುಡುಗರ ಮೊಬೈಲಿಗೆ ಬರತೊಡಗಿತು. ಇವೆಲ್ಲ ಒಳ್ಳೆಯ ಬದಲಾವಣೆಗಳೇ. ಆದರೆ ನಾನು 1986ರಲ್ಲಿ ಯಾವ ಕಾರಣಗಳಿಗಾಗಿ ಸಂಘಕ್ಕೆ ಋಣಿಯಾದೆನೋ ಅವುಗಳಲ್ಲಿ ಅರ್ಧದಷ್ಟನ್ನು ಯಂತ್ರವೇ ವಹಿಸಿಕೊಂಡಿತು. ಒಬ್ಬೊಬ್ಬರಿಂದ ಆಗದ, ಎಲ್ಲರೂ ಸೇರಿ ಮಾಡಬೇಕಾದ ಕೆಲಸವಷ್ಟೇ ಸಂಘಕ್ಕೆ ಉಳಿದಿತ್ತು. ಅದನ್ನೇ ನಾವು "ನಮಗೆ ಅನ್ವಯಿಸುವುದಿಲ್ಲ" ಎಂದು ಬಿಟ್ಟಿದ್ದೆವು. ಹೀಗಿರುವಾಗ ಹೊಸಬರು ಯಾವ ಕಾರಣಕ್ಕೆ ಬರಬೇಕಿತ್ತು? ಉಪ್ಪಿಟ್ಟಿಗೆ ಯಾರೂ ಬರುವುದಿಲ್ಲ.

ನಮ್ಮ ನೆರೆಯ ಹರಪನಹಳ್ಳಿಯವರಿಗೆ ಗೆರೆಯ ನೋವು ಇನ್ನೂ ಚೆನ್ನಾಗಿ ಗೊತ್ತು. 1997ರಲ್ಲಿ ಆ ತಾಲ್ಲೂಕು ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, ಅದರೊಂದಿಗೆ ಶಿಕ್ಷಣ ಇಲಾಖೆಯ ವಿಭಾಗವೂ ಬದಲಾಯಿತು. 2013ರಲ್ಲಿ 371-ಜೆ ವಿಧಿ ಜಾರಿಗೆ ಬಂದಾಗ ಕೂಡ್ಲಿಗಿ, ಹಡಗಲಿಗಳಿಗೆ ದೊರೆತ ನೇಮಕಾತಿಯ ಮೀಸಲಾತಿ ಅಂಟಿಕೊಂಡೇ ಇರುವ ಹರಪನಹಳ್ಳಿಗೆ ದೊರೆಯಲಿಲ್ಲ. ವರ್ಷಗಟ್ಟಲೆ ಹೋರಾಡಿ 2018ರಲ್ಲಿ ಅದನ್ನು ಪಡೆದುಕೊಂಡು ಬಳ್ಳಾರಿಗೆ ಮರಳಿದರು. 2021ರಲ್ಲಿ ನಮ್ಮೊಡನೆ ವಿಜಯನಗರ ಜಿಲ್ಲೆಯವರಾದರು. ಅಲ್ಲಿನ ಹೋರಾಟದಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ ಸೌಲಭ್ಯದಿಂದ ನೌಕರಿ ಪಡೆಯುವವರು ಕಿರಿಯರು. ಆದರೂ ನೌಕರಿಯ ವಯಸ್ಸು ಎಂದೋ ದಾಟಿದ್ದ ಹಿರಿಯರು ಮೆರವಣಿಗೆಯಲ್ಲಿ ನಡೆದರು. "ನಮಗೆ ಅನ್ವಯಿಸುವುದಿಲ್ಲ" ಎನ್ನಲಿಲ್ಲ.

ನಮ್ಮ ಹುಡುಗರು ಮಾತ್ರ ಹಿರಿಯರಿಗಾಗಿ ಕಾಯಲಿಲ್ಲ. ತಮ್ಮದೇ ಎನ್.ಪಿ.ಎಸ್. ನೌಕರರ ಸಂಘವನ್ನು ಕಟ್ಟಿಕೊಂಡರು. ಅದರಲ್ಲಿ ಶಿಕ್ಷಕರು, ಗ್ರಾಮ ಲೆಕ್ಕಿಗರು, ಆರೋಗ್ಯ ಇಲಾಖೆಯವರು ಎಂಬ ಭೇದವಿರಲಿಲ್ಲ. ಒಂದೇ ತಾರೀಖಿನ ಆಚೆ ಬಿದ್ದವರೆಂಬುದೇ ಅವರ ನಂಟು. 2022ರ ಡಿಸೆಂಬರಿನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕುಳಿತರು. ಸಂಘಟನೆಯಲ್ಲಿ ಆಸಕ್ತಿಯಿಲ್ಲವೆಂದು ನಾವು ವರದಿ ಓದುತ್ತಿದ್ದ ಅದೇ ಹುಡುಗರು ಕೂಡ್ಲಿಗಿಯಿಂದ, ಕೊಟ್ಟೂರಿನಿಂದ ರಾತ್ರಿ ಬಸ್ಸುಗಳಲ್ಲಿ ಚಳಿಯಲ್ಲಿ ಹೊರಟುದನ್ನು ನಾನು ಕಣ್ಣಾರೆ ಕಂಡೆ. ಆ ವೇಳೆಗೆ ನಾನು ನಿವೃತ್ತನಾಗಿ ಎರಡು ವರ್ಷ ಕಳೆದಿತ್ತು. ತಿಂಗಳ ಪಿಂಚಣಿ ತಪ್ಪದೆ ಬ್ಯಾಂಕಿಗೆ ಬರುತ್ತಿತ್ತು. ಬಸ್ಸಿನ ಬಳಿ ಹೋಗಿ ನಿಂತೆ, ಏನು ಹೇಳಬೇಕೆಂದು ತೋಚಲಿಲ್ಲ. ಬಾಳೆಹಣ್ಣಿನ ಒಂದು ಚಿಪ್ಪನ್ನು ಕಿಟಕಿಯೊಳಗೆ ಕೊಟ್ಟು ಮನೆಗೆ ಬಂದೆ.

ಮುಂದಿನ ಘಟನೆಗಳು ಎಲ್ಲರಿಗೂ ತಿಳಿದವೇ. 2023ರ ಮಾರ್ಚ್ 1ರಂದು ರಾಜ್ಯದ ಸರ್ಕಾರಿ ನೌಕರರು ಕೆಲಸ ಬಿಟ್ಟು ನಿಂತಾಗ, ಸರ್ಕಾರವು ಮಧ್ಯಂತರ ಪರಿಹಾರವಾಗಿ ಮೂಲವೇತನದ ಶೇ. 17ರಷ್ಟನ್ನು ಕೊಟ್ಟಿತು. ಹಳೆಯ ಪಿಂಚಣಿಯ ಬಗ್ಗೆ ಅಧ್ಯಯನಕ್ಕೆ ಸಮಿತಿಯನ್ನೂ ರಚಿಸಿತು. 2024ರ ಜನವರಿಯ ಆದೇಶವೊಂದರಿಂದ, 2006ರ ಏಪ್ರಿಲ್‌ಗೆ ಮೊದಲೇ ನೇಮಕಾತಿ ಅಧಿಸೂಚನೆ ಹೊರಟಿದ್ದರೂ ಅನಂತರ ಸೇರಿದ ಸುಮಾರು 13 ಸಾವಿರ ನೌಕರರಿಗೆ ಹಳೆಯ ಪಿಂಚಣಿಯ ಅವಕಾಶ ದೊರೆಯಿತು. ರಾಜಸ್ಥಾನ, ಛತ್ತೀಸಗಢ, ಹಿಮಾಚಲ ಪ್ರದೇಶಗಳು ಹಳೆಯ ಪದ್ಧತಿಗೆ ಮರಳುವುದಾಗಿ ಸಾರಿದ್ದವು. ಕೇಂದ್ರವು 2025ರ ಏಪ್ರಿಲ್ 1ರಿಂದ ಖಚಿತ ಮೊತ್ತದ ಭರವಸೆಯುಳ್ಳ ಏಕೀಕೃತ ಪಿಂಚಣಿಯನ್ನು ತಂದಿತು. ಇವುಗಳಲ್ಲಿ ಯಾವುದು ಸರಿ, ಬೊಕ್ಕಸಕ್ಕೆ ಎಷ್ಟು ಭಾರ ಎಂಬುದನ್ನು ಬಲ್ಲವರು ಚರ್ಚಿಸಲಿ. ನನ್ನ ಮಟ್ಟಿಗೆ ಒಂದು ಮಾತು ಸ್ಪಷ್ಟ. ಗೆರೆಯನ್ನು ಎಳೆದ ದಿನವೇ, ಗೆರೆಯ ಈಚೆಗೆ ಸುರಕ್ಷಿತವಾಗಿದ್ದ ನಾವು ಮಾತನಾಡಿದ್ದರೆ ಆ ಮಾತಿಗೆ ಬೇರೆಯೇ ತೂಕವಿರುತ್ತಿತ್ತು. ತನ್ನ ಹೊಟ್ಟೆಗಾಗಿ ಕೇಳುವವನಿಗಿಂತ ಇನ್ನೊಬ್ಬನ ಹೊಟ್ಟೆಗಾಗಿ ಕೇಳುವವನ ಮಾತನ್ನು ಲೋಕ ಹೆಚ್ಚು ಆಲಿಸುತ್ತದೆ.

ಗೆರೆಗಳು ಇಷ್ಟಕ್ಕೇ ಮುಗಿಯುವುದಿಲ್ಲ. ನಾನು ಸೇರಿದ ಕಾಲಕ್ಕೆ ನಮ್ಮ ಸಭೆಗಳಲ್ಲಿ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟು. ಇಂದು ಎಷ್ಟೋ ಶಾಲೆಗಳಲ್ಲಿ ಅವರದೇ ಹೆಚ್ಚಿನ ಸಂಖ್ಯೆ. ಆದರೂ ಸಂಘದ ಸಭೆಗಳು ಭಾನುವಾರ ಸಂಜೆಯಲ್ಲಿ ಆರಂಭವಾಗಿ ದೀಪ ಹಚ್ಚುವ ಹೊತ್ತು ದಾಟುತ್ತಿದ್ದವು. ಕೊನೆಯ ಬಸ್ಸು ಹಿಡಿಯಬೇಕಾದ ಶಿಕ್ಷಕಿ ಹೇಗೆ ಕುಳಿತಾಳು? ಅವರು ಸಾವಿತ್ರಿಬಾಯಿ ಫುಲೆಯವರ ಹೆಸರಿನಲ್ಲಿ ತಮ್ಮದೇ ಸಂಘ ಮಾಡಿಕೊಂಡುದರಲ್ಲಿ ಆಶ್ಚರ್ಯವಿಲ್ಲ. ಇನ್ನು ಅತಿಥಿ ಶಿಕ್ಷಕರು. ಅದೇ ತರಗತಿ, ಅದೇ ಪಾಠ, ಅದೇ ಸೀಮೆಸುಣ್ಣ. ಆದರೆ ಅವರ ಹೆಸರು ಯಾವ ಸೇವಾ ಪುಸ್ತಕದಲ್ಲೂ ಇಲ್ಲ, ಬೇಸಿಗೆ ರಜೆಯಲ್ಲಿ ಸಂಭಾವನೆಯಿಲ್ಲ, ಮುಂದಿನ ಜೂನ್‌ನಲ್ಲಿ ಕರೆಯುತ್ತಾರೋ ಇಲ್ಲವೋ ತಿಳಿಯದು. ನಮ್ಮ ಸಂಘದ ನಿಯಮಾವಳಿಯ ಪ್ರಕಾರ ಅವರು ಸದಸ್ಯರಾಗಲಾರರು. 1953ರಲ್ಲಿ ಮದ್ರಾಸಿನಿಂದ ಬಂದವರನ್ನು ಮೈಸೂರಿನವರು ಹೊರಗಿಟ್ಟಿದ್ದರೆ ನಾವೆಲ್ಲಿರುತ್ತಿದ್ದೆವು ಎಂದು ಆಗಾಗ ಯೋಚಿಸುತ್ತೇನೆ.

ಇಷ್ಟೆಲ್ಲ ಹೇಳಿದ ಮೇಲೆ ಏನು ಮಾಡಬೇಕೆಂದೂ ಹೇಳಬೇಕಲ್ಲವೇ? ಬಾಳೆಹಣ್ಣು ಕೊಟ್ಟು ಬಂದ ಆ ರಾತ್ರಿಯ ನಂತರ ನಾನೂ, ನನ್ನಂತೆ ನಿವೃತ್ತರಾದ ಇಬ್ಬರು ಗೆಳೆಯರೂ ಒಂದು ಸಣ್ಣ ಕೆಲಸ ಹಿಡಿದೆವು. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಒಂದು ಕಡೆ ಕೂಡುತ್ತೇವೆ. ಹೊಸ ಶಿಕ್ಷಕರು ತಮ್ಮ ಸೇವಾ ಪುಸ್ತಕದ ಪ್ರತಿಯನ್ನೂ, ಎನ್.ಪಿ.ಎಸ್. ಖಾತೆಯ ವಿವರವನ್ನೂ ತರುತ್ತಾರೆ. ಹಿಡಿದ ಹಣ ತಿಂಗಳು ತಿಂಗಳೂ ಖಾತೆಗೆ ಜಮೆಯಾಗಿದೆಯೇ, ನಾಮನಿರ್ದೇಶನವನ್ನು ಮದುವೆಯ ನಂತರ ಬದಲಿಸಿದ್ದಾರೆಯೇ, ವೇತನ ಬಡ್ತಿ ತಪ್ಪಿದೆಯೇ ಎಂದು ಒಟ್ಟಿಗೆ ಕುಳಿತು ನೋಡುತ್ತೇವೆ. ಕಂಪ್ಯೂಟರಿನ ಕೆಲಸ ಅವರದು, ನಿಯಮಗಳ ನೆನಪು ನಮ್ಮದು. ಮದುವೆಯಾಗಿ ಎಂಟು ವರ್ಷವಾದರೂ ನಾಮನಿರ್ದೇಶನದಲ್ಲಿ ತೀರಿಹೋದ ತಂದೆಯ ಹೆಸರೇ ಇದ್ದ ಶಿಕ್ಷಕನನ್ನು ಕಂಡೆವು. ಯಾವುದೋ ತಿಂಗಳುಗಳ ಜಮೆಯೇ ಕಾಣದ ಶಿಕ್ಷಕಿಯನ್ನು ಕಂಡೆವು. ಅರ್ಜಿ ಬರೆಸಿ ಸರಿಪಡಿಸಿಕೊಟ್ಟೆವು. ಅತಿಥಿ ಶಿಕ್ಷಕರೂ ಬರುತ್ತಾರೆ. ಅವರಿಗೆ ಸೇವಾ ಪ್ರಮಾಣಪತ್ರವನ್ನು ಪ್ರತಿವರ್ಷವೂ ಮುಖ್ಯೋಪಾಧ್ಯಾಯರಿಂದ ತಪ್ಪದೆ ಪಡೆದಿಟ್ಟುಕೊಳ್ಳಿರೆಂದು ಹೇಳುತ್ತೇವೆ. ಚಂದಾ ಇಲ್ಲ, ಹಾರ ಇಲ್ಲ, ಭಾಷಣ ಇಲ್ಲ. ಮೊದಲ ಭಾನುವಾರ ಬಂದವರು ನಾಲ್ವರು. ಈಗ ಕುರ್ಚಿ ಸಾಲದೆ ಕೆಲವರು ಕಟ್ಟೆಯ ಮೇಲೆ ಕೂರುತ್ತಾರೆ.

ಸಂಘಗಳನ್ನು ನಡೆಸುತ್ತಿರುವ ಮಿತ್ರರಿಗೆ ನನ್ನ ವಿನಂತಿಗಳು ಮೂರೇ. ಸಭೆಯ ಮೊದಲ ವಿಷಯ ಕೊನೆಗೆ ಸೇರಿದವರ ಕಷ್ಟವಾಗಿರಲಿ, ಕಟ್ಟಡದ ಸುಣ್ಣ ಕೊನೆಗಿರಲಿ. ಕಾರ್ಯಕಾರಿ ಸಮಿತಿಯಲ್ಲಿ ಹತ್ತು ವರ್ಷಕ್ಕಿಂತ ಕಡಿಮೆ ಸೇವೆಯವರಿಗೂ ಹೆಣ್ಣುಮಕ್ಕಳಿಗೂ ಬರಿಯ ಸ್ಥಾನವಲ್ಲ, ಲೆಕ್ಕದ ಪುಸ್ತಕವನ್ನೇ ಕೊಡಿ. ಯಾವುದೇ ಆದೇಶ ಬಂದಾಗ "ನಮಗೆ ಅನ್ವಯಿಸುತ್ತದೆಯೇ" ಎಂದು ಕೇಳುವ ಬದಲು "ನಮ್ಮಲ್ಲಿ ಯಾರಿಗೆ ಅನ್ವಯಿಸುತ್ತದೆ" ಎಂದು ಕೇಳಿ.

ಕೊಟ್ಟೂರಿನ ತೇರನ್ನು ನೀವೆಲ್ಲರೂ ನೋಡಿದ್ದೀರಿ. ಹಗ್ಗ ಹಿಡಿದು ಎಳೆಯುವವರು ಹರೆಯದವರು. ಗಾಲಿಗೆ ಸನ್ನೆ ಕೊಟ್ಟು ಹಾದಿಗೆ ತರುವವರು ಅನುಭವಸ್ಥರು. ಸನ್ನೆಯವರು ಗಾಲಿಯ ಬಳಿ ಬಗ್ಗಿ ದುಡಿಯಬೇಕು. ನಾವು ಸನ್ನೆಯನ್ನು ಕೆಳಗಿಟ್ಟು, ತೇರಿನ ಮೇಲೆ ಏರಿ ಕುಳಿತು, ಎಳೆಯುವವರು ಕಡಿಮೆಯಾದರೆಂದು ಗೊಣಗುತ್ತಿದ್ದೆವು.

ಹಡಗಲಿಯ ಆ ಶಿಷ್ಯನಿಗೆ ಈ ಬರಹವನ್ನು ನಾನೇ ಓದಿ ಹೇಳಬೇಕೆಂದಿದ್ದೇನೆ. ಅವನ ಪ್ರಶ್ನೆಗೆ 2008ರಲ್ಲಿ ಕೊಡಬೇಕಾಗಿದ್ದ ಉತ್ತರ ಇದಲ್ಲ. ಆದರೆ ಅಂದು ಕೂಡು ಎಂದವನು ಇಂದು ಎದ್ದುನಿಂತು ತಪ್ಪೊಪ್ಪಿಕೊಂಡನೆಂಬುದಾದರೂ ಅವನಿಗೆ ತಿಳಿಯಲಿ. ಬರುವ ಡಿಸೆಂಬರ್ 17ರ ಪಿಂಚಣಿದಾರರ ದಿನಕ್ಕೆ, ಪಿಂಚಣಿಯಿಲ್ಲದವರನ್ನೂ ಕರೆಯೋಣವೆಂದು ನಮ್ಮ ಗೆಳೆಯರಲ್ಲಿ ಮಾತಾಗಿದೆ. ಮೊದಲ ಮಾತು ಅವನದು. ನಾವು ಕುಳಿತು ಕೇಳುತ್ತೇವೆ.